ಜಾಗ ಬದಲಾದಾಗ ಲ್ಯಾಪ್‌ಟಾಪ್‌ನ ನೆಟ್ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ರಾತ್ರಿ ರಾಜಾಜಿನಗರದ ಮನೆಯಲ್ಲಿ ಸರಿಯಾಗಿದ್ದ ಲ್ಯಾಪ್‌ಟಾಪ್ ಬೆಳಿಗ್ಗೆ ವೈಟ್‌ಫೀಲ್ಡ್‌ನ ಆಫೀಸಿನಲ್ಲಿ ನೆಟ್ ಹಿಡಿಯದಿದ್ದರೆ, ದಾರಿಯಲ್ಲಿ ಅದೇನೂ ಕೆಟ್ಟಿರುವುದಿಲ್ಲ. ಹಿಂದಿನ ಜಾಗಕ್ಕೆಂದು ಹಾಕಿದ ಯಾವುದೋ ಸೆಟ್ಟಿಂಗ್ ಇನ್ನೂ ಕೂತಿರುತ್ತದೆ. ಕೈಯಾರೆ ಕೊಟ್ಟ ಐಪಿ (ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪ್‌ನ ವಿಳಾಸ), ಆಫೀಸಿನ ಪ್ರಾಕ್ಸಿ (ನೆಟ್ ಹಾದುಹೋಗುವ ಮಧ್ಯವರ್ತಿ ಸರ್ವರ್), ಯಾರೋ ಹೇಳಿದರೆಂದು ಬದಲಿಸಿದ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್), ಆಫ್ ಮಾಡದೆ ಬಿಟ್ಟ ವಿಪಿಎನ್ (ನೆಟ್ಟನ್ನು ಗುಪ್ತ ಸುರಂಗದಲ್ಲಿ ಒಯ್ಯುವ ಸಾಫ್ಟ್‌ವೇರ್): ಹತ್ತರಲ್ಲಿ ಎಂಟು ದೂರುಗಳ ಬೇರು ಈ ನಾಲ್ಕರಲ್ಲೇ ಸಿಗುತ್ತದೆ ಎಂದರೆ ಅತಿಶಯವಲ್ಲ. ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಡ್ರೈವರ್ ಬದಲಿಸುವುದು, ವಿಂಡೋಸ್ ಮತ್ತೆ ಹಾಕಿಸುವುದು ಎಲ್ಲ ಆಮೇಲೆ.

ಇಲ್ಲಿನ ಮೆನು ಹೆಸರುಗಳು ವಿಂಡೋಸ್ 11ರವು. ಮ್ಯಾಕ್ ಮತ್ತು ಲಿನಕ್ಸ್ ಬೇರೆಯಾಗುವ ಕಡೆ ಹೇಳಿದೆ. ಕಮಾಂಡುಗಳನ್ನು ಉಚ್ಚಾರದಂತೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಏನನ್ನೂ ಮುಟ್ಟುವ ಮೊದಲು

ಮೊಬೈಲನ್ನು ಅದೇ ವೈಫೈಗೆ ಹಾಕಿ, ಮೊಬೈಲ್ ಡೇಟಾ ಆಫ್ ಮಾಡಿ, ಒಂದು ಪುಟ ತೆರೆಯಿರಿ. ಡೇಟಾ ಆಫ್ ಮಾಡದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ವೈಫೈ ಸತ್ತಿದ್ದರೂ ಫೋನ್ ಸದ್ದಿಲ್ಲದೆ ಸಿಮ್‌ನಿಂದ ನೆಟ್ ಎಳೆದುಕೊಂಡು ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ಫೋನಿನಲ್ಲೂ ಬಾರದಿದ್ದರೆ ದೋಷ ರೂಟರಿನದು ಅಥವಾ ಲೈನಿನದು. ಲ್ಯಾಪ್‌ಟಾಪ್ ಕೆದಕಿ ಪ್ರಯೋಜನವಿಲ್ಲ.

ಫೋನಿನಲ್ಲಿ ಬಂದರೆ ಮುಂದಿನದು: ಡೇಟಾ ಆನ್ ಮಾಡಿ, ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ. ಹಾಟ್‌ಸ್ಪಾಟ್‌ನಲ್ಲಿ ಬಂದು ಅಲ್ಲಿಯ ವೈಫೈನಲ್ಲಿ ಮಾತ್ರ ಬಾರದಿದ್ದರೆ ತಪ್ಪು ಆ ಒಂದು ವೈಫೈನ ಪ್ರೊಫೈಲಿನಲ್ಲಿದೆ, ಇಲ್ಲವೇ ಆ ಜಾಗದ ಲಾಗಿನ್ ಪುಟ ಇನ್ನೂ ಆಗಿಲ್ಲ. ಎರಡರಲ್ಲೂ ಬಾರದಿದ್ದರೆ ಇಡೀ ಲ್ಯಾಪ್‌ಟಾಪ್‌ಗೆ ಅನ್ವಯಿಸುವ ಸೆಟ್ಟಿಂಗ್ ಹುಡುಕಿ: ಪ್ರಾಕ್ಸಿ, ವಿಪಿಎನ್, ಅಡಾಪ್ಟರಿಗೇ ಕೊಟ್ಟ ಐಪಿ.

ಒಮ್ಮೆ ರೀಸ್ಟಾರ್ಟ್ ಕೂಡ ಮಾಡಿ ನೋಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಅದೇ ಆಯಿತಲ್ಲ ಎನ್ನುವಂತಿಲ್ಲ. ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವ ವಿಂಡೋಸ್ ಶಟ್‌ಡೌನ್‌ನಲ್ಲಿ ಪೂರ್ತಿ ಆರುವುದಿಲ್ಲ, ಡ್ರೈವರುಗಳ ಹಳೆಯ ಸ್ಥಿತಿಯನ್ನೇ ಡಿಸ್ಕಿನಲ್ಲಿ ಇಟ್ಟುಕೊಂಡು ಮತ್ತೆ ಏಳುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಇನ್ನೊಂದು ಮಾತು. ಯಾವ ಪರದೆಯಲ್ಲಿ ಏನು ಬದಲಿಸುವುದಿದ್ದರೂ ಮೊದಲು ಫೋನಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಆಫೀಸಿನ ಪ್ರಾಕ್ಸಿ ವಿಳಾಸ ಅಳಿಸಿದ ಮೇಲೆ ಅದು ಯಾರಿಗೂ ಬಾಯಿಪಾಠ ಇರುವುದಿಲ್ಲ.

ಲಕ್ಷಣ: ವೈಫೈ ಹೆಸರೇ ಕಾಣುತ್ತಿಲ್ಲ, ಅಥವಾ ಪಾಸ್‌ವರ್ಡ್ ಒಪ್ಪುತ್ತಿಲ್ಲ

ಏರ್‌ಪ್ಲೇನ್ ಮೋಡ್ ನೋಡಿ. ಬ್ಯಾಗಿನಿಂದ ತೆಗೆಯುವಾಗ ಆ ಕೀ ಒತ್ತಿಹೋಗುವುದು ಸಾಮಾನ್ಯ.

ಅಕ್ಕಪಕ್ಕದ ಹೆಸರುಗಳೆಲ್ಲ ಕಂಡು ಬೇಕಾದದ್ದು ಮಾತ್ರ ಕಾಣದಿದ್ದರೆ ಅದು ಬ್ಯಾಂಡಿನ ವಿಷಯ. ಹಳೆಯ ಲ್ಯಾಪ್‌ಟಾಪ್‌ಗಳ ವೈಫೈ ಕಾರ್ಡು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, 5 ಗಿಗಾಹರ್ಟ್ಸ್‌ನ ಹೆಸರು ಅದರ ಕಣ್ಣಿಗೇ ಬೀಳುವುದಿಲ್ಲ. ಅಮೆರಿಕದಿಂದ ತಂದ ಲ್ಯಾಪ್‌ಟಾಪ್ ಆಗಿದ್ದರೆ ಮತ್ತೊಂದು ಸಾಧ್ಯತೆ: ಅಲ್ಲಿಯ ಕಾರ್ಡುಗಳು ಸಾಮಾನ್ಯವಾಗಿ 1ರಿಂದ 11ರವರೆಗಿನ ಚಾನೆಲ್‌ಗಳಿಗೆ ಸೀಮಿತ, ಇಲ್ಲಿಯ ರೂಟರ್ 12 ಅಥವಾ 13ಕ್ಕೆ ಹೋಗಿ ಕೂತಿದ್ದರೆ ಕಾಣುವುದಿಲ್ಲ. ರೂಟರಿನಲ್ಲಿ 2.4ರ ಚಾನೆಲನ್ನು 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿದರೆ ಮುಗಿಯಿತು.

ಪಾಸ್‌ವರ್ಡ್ ಸರಿಯಿದ್ದೂ ಒಪ್ಪದಿದ್ದರೆ ‘ಫರ್ಗೆಟ್’ ಕೊಟ್ಟು ಹೊಸದಾಗಿ ಜೋಡಿಸಿ. ಆಗಲೂ ಆಗದೆ, ರೂಟರ್ ಹೊಸದಾಗಿದ್ದು ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ರೂಟರಿನಲ್ಲಿ ಡಬ್ಲ್ಯುಪಿಎ3 (ಹೊಸ ಬಗೆಯ ವೈಫೈ ಭದ್ರತೆ) ಮಾತ್ರ ಎಂದಿರಬಹುದು. ಅದನ್ನು ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರಕ್ಕೆ ಬದಲಿಸಿ. ಪಾಸ್‌ವರ್ಡೇ ಬೇಡವೆಂದು ಓಪನ್ ಮಾಡಿಬಿಡಬೇಡಿ. ಅಪಾರ್ಟ್‌ಮೆಂಟಿನಲ್ಲಿ ಅದು ಇಡೀ ಮಹಡಿಗೆ ಅನ್ನಸಂತರ್ಪಣೆ.

ಲಕ್ಷಣ: ಕನೆಕ್ಟ್ ಆಗಿದೆ, ಆದರೆ ‘ನೋ ಇಂಟರ್ನೆಟ್’

ಅತಿ ಹೆಚ್ಚು ಬರುವ ದೂರು ಇದು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್, ಒಂದು ಸ್ಪೇಸ್, ಸ್ಲ್ಯಾಶ್ ಆಲ್ ಎಂದು ಕೊಡಿ. ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ವೈಫೈ ಅಡಾಪ್ಟರಿನ ಕೆಳಗೆ ನಾಲ್ಕು ಸಾಲು ಸಾಕು: ಡಿಎಚ್‌ಸಿಪಿ ಎನೇಬಲ್ಡ್ (ವಿಳಾಸವನ್ನು ರೂಟರಿನಿಂದ ತಾನಾಗಿ ಪಡೆಯುತ್ತಿದೆಯೇ), ಐಪಿವಿ4 ಅಡ್ರೆಸ್ (ಐಪಿ ವಿಳಾಸ), ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಅಂದರೆ ರೂಟರಿನ ವಿಳಾಸ), ಡಿಎನ್‌ಎಸ್ ಸರ್ವರ್ಸ್. ಮ್ಯಾಕ್‌ನಲ್ಲಿ ಇವೇ ವಿವರ ಸಿಸ್ಟಮ್ ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ, ಡೀಟೇಲ್ಸ್‌ನಲ್ಲಿ ಸಿಗುತ್ತವೆ.

*ಐಪಿ 169.254ರಿಂದ ಶುರುವಾಗಿದ್ದರೆ.* ರೂಟರ್ ವಿಳಾಸ ಕೊಡಲಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿತು ಎಂದರ್ಥ. ಮ್ಯಾಕ್ ಇದನ್ನು ‘ಸೆಲ್ಫ್ ಅಸೈನ್ಡ್’ ಎನ್ನುತ್ತದೆ. ವೈಫೈ ಆಫ್ ಮಾಡಿ ಆನ್ ಮಾಡಿ, ಅಥವಾ ಐಪಿಕಾನ್ಫಿಗ್ ಸ್ಲ್ಯಾಶ್ ರಿಲೀಸ್, ಆಮೇಲೆ ಐಪಿಕಾನ್ಫಿಗ್ ಸ್ಲ್ಯಾಶ್ ರಿನ್ಯೂ ಕೊಡಿ. ಆಗಲೂ 169.254 ಬಂದರೆ ರೂಟರ್ ಆಫ್ ಮಾಡಿ, 30 ಸೆಕೆಂಡ್ ಬಿಟ್ಟು ಆನ್ ಮಾಡಿ. ಪಿಜಿ ಮತ್ತು ಕೋವರ್ಕಿಂಗ್ ಜಾಗಗಳಲ್ಲಿ ಬೇರೆ ಕಾರಣ ಇರುತ್ತದೆ: ರೂಟರಿನ ಬಳಿ ಹಂಚಲು ಇರುವ ವಿಳಾಸಗಳೇ ಮುಗಿದಿರುತ್ತವೆ. 100 ವಿಳಾಸದ ಪಟ್ಟಿ, ಒಬ್ಬೊಬ್ಬರ ಬಳಿ ಮೂರು ಸಾಧನ, ಲೀಸ್ ಅವಧಿ (ಒಂದು ವಿಳಾಸ ಒಂದು ಸಾಧನಕ್ಕೆ ಮೀಸಲಾಗಿರುವ ಕಾಲ) 24 ಗಂಟೆ ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಬಂದವರಿಗೆ ವಿಳಾಸ ಉಳಿದಿರುವುದಿಲ್ಲ. ಲೀಸ್ ಅವಧಿಯನ್ನು ಒಂದೆರಡು ಗಂಟೆಗೆ ಇಳಿಸುವುದು, ಪಟ್ಟಿ ದೊಡ್ಡದು ಮಾಡುವುದು ರೂಟರ್ ನೋಡಿಕೊಳ್ಳುವವರ ಕೆಲಸ. ಅವರಿಗೆ ಹೇಳಿ.

*‘ಡಿಎಚ್‌ಸಿಪಿ ಎನೇಬಲ್ಡ್: ನೋ’ ಎಂದಿದ್ದರೆ.* ಇಲ್ಲೇ ಸಿಕ್ಕಿಬಿತ್ತು. ಯಾರೋ ಕೈಯಾರೆ ವಿಳಾಸ ಕೊಟ್ಟಿದ್ದಾರೆ. ಆಫೀಸಿನಲ್ಲಿ 192.168.1.50 ಎಂದು, ಗೇಟ್‌ವೇ 192.168.1.1 ಎಂದು ಹಾಕಿದ್ದು, ಮನೆಯ ರೂಟರ್ 192.168.0.1ರಲ್ಲಿದ್ದರೆ ಲ್ಯಾಪ್‌ಟಾಪ್ ಇಲ್ಲದ ಬಾಗಿಲನ್ನು ತಟ್ಟುತ್ತಾ ಕೂತಿರುತ್ತದೆ.

ಇನ್ನೂ ತೊಂದರೆ ಕೊಡುವುದು ಎರಡೂ ಕಡೆ ರೂಟರ್ 192.168.1.1 ಆಗಿದ್ದಾಗ. ಆಗ ಕೆಲಸ ನಡೆಯುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಒಂದು ದಿನ ಕರೆಂಟ್ ಹೋಗಿ ಬರುತ್ತದೆ. ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎನ್ನುವುದನ್ನು ಅನೇಕ ಸಾದಾ ರೂಟರುಗಳು ಮರೆತುಬಿಡುತ್ತವೆ, 192.168.1.50ನ್ನು ಟಿವಿಗೋ ಇನ್ನೊಬ್ಬರ ಫೋನಿಗೋ ಕೊಡುತ್ತವೆ. ‘ಐಪಿ ಅಡ್ರೆಸ್ ಕಾನ್‌ಫ್ಲಿಕ್ಟ್’ ಎಂಬ ಸೂಚನೆ, ಅಥವಾ ನೆಟ್ ಐದು ನಿಮಿಷ ಬಂದು ಐದು ನಿಮಿಷ ಹೋಗುವ ಆಟ ಆಗ ಶುರು. ಬೆಸ್ಕಾಂನವರು ಕರೆಂಟ್ ತೆಗೆದ ಮೇಲೇ ನೆಟ್ ಹಾಳಾಯಿತು ಎನ್ನುವ ಎಷ್ಟೋ ದೂರುಗಳ ಒಳಗುಟ್ಟು ಇದು.

ಸರಿಪಡಿಸಲು: ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಆ ವೈಫೈನ ಪ್ರಾಪರ್ಟೀಸ್, ಐಪಿ ಅಸೈನ್‌ಮೆಂಟ್, ಎಡಿಟ್, ಆಟೋಮ್ಯಾಟಿಕ್. ಅಲ್ಲಿ ಆಗಲೇ ಆಟೋಮ್ಯಾಟಿಕ್ ಎಂದಿದ್ದೂ ‘ನೋ’ ಬರುತ್ತಿದ್ದರೆ ಹಳೆಯ ಕಿಟಕಿಗೆ ಹೋಗಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ ಡಾಟ್ ಸಿಪಿಎಲ್ ಎಂದು ಕೊಟ್ಟು, ವೈಫೈ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಐಪಿವಿ4, ಪ್ರಾಪರ್ಟೀಸ್. ಇಲ್ಲಿ ಹಾಕಿದ್ದು ಅಡಾಪ್ಟರಿಗೇ ಸೇರಿದ್ದು, ಯಾವ ಊರಿನ ಯಾವ ವೈಫೈಗೆ ಹೋದರೂ ಜೊತೆಗೆ ಬರುತ್ತದೆ. ಐಪಿ, ಡಿಎನ್‌ಎಸ್ ಎರಡನ್ನೂ ‘ಆಟೋಮ್ಯಾಟಿಕಲಿ’ಗೆ ಬದಲಿಸಿ. ಐಪಿ ಮಾತ್ರ ಬದಲಿಸಿ ಡಿಎನ್‌ಎಸ್ ಹಾಗೇ ಬಿಡುವವರೇ ಹೆಚ್ಚು.

*ಐಪಿ, ಗೇಟ್‌ವೇ ಎಲ್ಲ ಸರಿ, ಆದರೂ ಪುಟ ತೆರೆಯುವುದಿಲ್ಲ.* ಮೂರು ಹಂತದಲ್ಲಿ ಪಿಂಗ್ ಮಾಡಿ (ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್, ಒಂದು ಸ್ಪೇಸ್, ವಿಳಾಸ ಕೊಟ್ಟರೆ ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ತಿಳಿಯುತ್ತದೆ): ಮೊದಲು ಗೇಟ್‌ವೇ ವಿಳಾಸಕ್ಕೆ, ಆಮೇಲೆ 8.8.8.8ಕ್ಕೆ (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್), ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ. ಗೇಟ್‌ವೇವರೆಗೆ ಉತ್ತರ ಬಂದು ಮುಂದೆ ನಿಂತರೆ ರೂಟರಿನಿಂದ ಆಚೆಯ ಲೈನು ಸತ್ತಿದೆ. 8.8.8.8ವರೆಗೆ ಬಂದು ಹೆಸರಿಗೆ ಬಾರದಿದ್ದರೆ ಡಿಎನ್‌ಎಸ್. ಕೆಲವು ಆಫೀಸುಗಳ ಗೆಸ್ಟ್ ವೈಫೈ ಪಿಂಗನ್ನೇ ತಡೆಯುತ್ತದೆ, ಆದ್ದರಿಂದ ಉತ್ತರ ಬಂದರೆ ನಂಬಿ, ಬಾರದಿದ್ದರೆ ಅದೊಂದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ.

ಡಿಎನ್‌ಎಸ್ ಸಾಲಿನಲ್ಲಿ 10ರಿಂದ ಶುರುವಾಗುವ ವಿಳಾಸ ಮನೆಯಲ್ಲಿ ಕಂಡರೆ ಅದು ಬಹುಮಟ್ಟಿಗೆ ಆಫೀಸಿನದು. ಮನೆಯಿಂದ ಅದು ಸಿಗುವುದಿಲ್ಲ. ವಿಂಡೋಸ್ 11ರಲ್ಲಿ ಡಿಎನ್‌ಎಸ್ ಎರಡು ಕಡೆ ಇರುತ್ತದೆ ಎನ್ನುವುದು ಹಲವರಿಗೆ ಗೊತ್ತಿಲ್ಲ: ಆ ಒಂದು ವೈಫೈನ ಪ್ರಾಪರ್ಟೀಸ್‌ನಲ್ಲಿ ಒಂದು, ಎಲ್ಲ ವೈಫೈಗಳಿಗೂ ಅನ್ವಯಿಸುವ ‘ಹಾರ್ಡ್‌ವೇರ್ ಪ್ರಾಪರ್ಟೀಸ್’ನಲ್ಲಿ ಇನ್ನೊಂದು. ಎರಡನೆಯದರಲ್ಲಿ ಏನಾದರೂ ಹಾಕಿದ್ದರೆ ಮೊದಲನೆಯದು ಲೆಕ್ಕಕ್ಕಿಲ್ಲ. ಎರಡೂ ಕಡೆ ಆಟೋಮ್ಯಾಟಿಕ್ ಮಾಡಿ, ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್ ಕೊಡಿ.

ಎಲ್ಲ ಸೈಟು ತೆರೆದು ಒಂದೇ ಒಂದು ಸೈಟು ತೆರೆಯದಿದ್ದರೆ, ಅದೂ ನೀವು ಕೆಲಸ ಮಾಡುತ್ತಿರುವ ಪ್ರಾಜೆಕ್ಟಿನದೇ ಆಗಿದ್ದರೆ, ಹೋಸ್ಟ್ಸ್ ಫೈಲ್ (ಈ ಹೆಸರಿಗೆ ಇದೇ ವಿಳಾಸ ಎಂದು ಲ್ಯಾಪ್‌ಟಾಪ್‌ನಲ್ಲೇ ಬರೆದಿಡುವ ಫೈಲ್) ನೋಡಿ. ಟೆಸ್ಟಿಂಗಿಗೆಂದು ಸೇರಿಸಿದ ಸಾಲು ಅಲ್ಲೇ ಉಳಿದಿರುತ್ತದೆ.

ಲಕ್ಷಣ: ಪಿಂಗ್ ಆಗುತ್ತದೆ, ಬ್ರೌಸರ್ ಮಾತ್ರ ತೆರೆಯುವುದಿಲ್ಲ

ಪ್ರಾಕ್ಸಿ. ಕ್ರೋಮ್‌ನಲ್ಲಿ ದೋಷದ ಸಾಲಿನಲ್ಲಿ ‘ಪ್ರಾಕ್ಸಿ’ ಎಂಬ ಪದವೇ ಬಂದರೆ ಅನುಮಾನ ಬೇಡ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಪ್ರಾಕ್ಸಿ. ಮನೆಯಲ್ಲಿ ಇರಬೇಕಾದದ್ದು: ‘ಆಟೋಮ್ಯಾಟಿಕಲಿ ಡಿಟೆಕ್ಟ್’ ಆನ್, ‘ಸೆಟಪ್ ಸ್ಕ್ರಿಪ್ಟ್’ ಆಫ್, ‘ಯೂಸ್ ಎ ಪ್ರಾಕ್ಸಿ ಸರ್ವರ್’ ಆಫ್. ಮ್ಯಾಕ್‌ನಲ್ಲಿ ವೈಫೈನ ಡೀಟೇಲ್ಸ್ ಒಳಗೆ ಪ್ರಾಕ್ಸೀಸ್.

ಐಪಿಯಂತಲ್ಲ ಇದು. ವಿಂಡೋಸ್ ಪ್ರಾಕ್ಸಿಯನ್ನು ವೈಫೈವಾರು ಇಟ್ಟುಕೊಳ್ಳುವುದಿಲ್ಲ. ಒಮ್ಮೆ ಹಾಕಿದರೆ ಮನೆ, ಆಫೀಸು, ಹಾಟ್‌ಸ್ಪಾಟ್ ಎಲ್ಲಕ್ಕೂ ಅದೇ. ಜಾಗ ಬದಲಿಸುವವರಿಗೆ ಇದರಷ್ಟು ಕಾಡುವ ಸೆಟ್ಟಿಂಗ್ ಬೇರೆ ಇಲ್ಲ. ಆಫೀಸಿನ ಐಟಿಯವರು ಸೆಟಪ್ ಸ್ಕ್ರಿಪ್ಟಿನ (ಯಾವಾಗ ಯಾವ ಪ್ರಾಕ್ಸಿ ಎಂದು ಬ್ರೌಸರಿಗೆ ಹೇಳುವ ಫೈಲಿನ) ವಿಳಾಸ ಕೊಟ್ಟರೆ ಕೈಯಾರೆ ಹಾಕುವ ಪ್ರಾಕ್ಸಿಗಿಂತ ಅದೇ ವಾಸಿ. ಆಫೀಸಿನ ಹೊರಗೆ ಸ್ಕ್ರಿಪ್ಟ್ ಸಿಗದಿದ್ದಾಗ ಬ್ರೌಸರ್ ಸಾಮಾನ್ಯವಾಗಿ ನೇರವಾಗಿ ಹೋಗುತ್ತದೆ, ಮೊದಲ ಪುಟಕ್ಕೆ ಸ್ವಲ್ಪ ತಡವಾಗಬಹುದು ಅಷ್ಟೆ.

ಫೈರ್‌ಫಾಕ್ಸ್‌ಗೆ ಸ್ವಂತ ಪ್ರಾಕ್ಸಿ ಸೆಟ್ಟಿಂಗ್ ಇದೆ. ಕ್ರೋಮ್ ತೆರೆಯುತ್ತದೆ, ಫೈರ್‌ಫಾಕ್ಸ್ ತೆರೆಯುವುದಿಲ್ಲ (ಅಥವಾ ತಿರುಗುಮುರುಗು) ಎಂದರೆ ಕಾರಣ ಅಲ್ಲಿದೆ. ಕೋಡ್ ಬರೆಯುವವರಿಗೆ ಇನ್ನೊಂದು ಪದರ: ಬ್ರೌಸರ್ ಸರಿಯಾದರೂ ಗಿಟ್, ಎನ್‌ಪಿಎಂ, ಪಿಪ್ ಹಠ ಹಿಡಿದರೆ ಅವುಗಳದೇ ಕಾನ್ಫಿಗ್‌ನಲ್ಲಿ, ಇಲ್ಲವೇ ಎಚ್‌ಟಿಟಿಪಿ ಪ್ರಾಕ್ಸಿ, ಎಚ್‌ಟಿಟಿಪಿಎಸ್ ಪ್ರಾಕ್ಸಿ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳಲ್ಲಿ ಹಳೆಯ ವಿಳಾಸ ಕೂತಿದೆ. ಅಳಿಸಿದ ಮೇಲೆ ಟರ್ಮಿನಲ್ ಮುಚ್ಚಿ ಹೊಸದು ತೆರೆಯಬೇಕು. ತೆರೆದಿದ್ದ ಕಿಟಕಿ ಹಳೆಯದನ್ನೇ ಹಿಡಿದುಕೊಂಡಿರುತ್ತದೆ.

ಇಲ್ಲಿ ನಿಲ್ಲಬೇಕಾದ ಒಂದು ಗುರುತು: ಪ್ರಾಕ್ಸಿ ಆಫ್ ಮಾಡುತ್ತೀರಿ, ಸ್ವಲ್ಪ ಹೊತ್ತಿನಲ್ಲಿ ತಾನೇ ಆನ್ ಆಗುತ್ತದೆ. ಕಂಪನಿಯ ಲ್ಯಾಪ್‌ಟಾಪ್ ಆಗಿದ್ದರೆ ಅದು ಕಂಪನಿಯ ಪಾಲಿಸಿ. ಅದರೊಂದಿಗೆ ಗುದ್ದಾಡದೆ ಐಟಿಗೆ ಹೇಳಿ. ಸ್ವಂತದ್ದಾಗಿದ್ದು, ವಿಳಾಸ 127.0.0.1 (ಅಂದರೆ ಲ್ಯಾಪ್‌ಟಾಪ್ ತಾನೇ) ಎಂದಿದ್ದು, ನೀವು ಅಂಥ ಯಾವ ಸಾಫ್ಟ್‌ವೇರೂ ಹಾಕಿಲ್ಲದಿದ್ದರೆ ಮಾಲ್‌ವೇರ್ ಇರುವ ಸಾಧ್ಯತೆ ಗಟ್ಟಿ. ಆ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸ ನಿಲ್ಲಿಸಿ, ನೆಟ್ ಕಳಚಿ, ಪೂರ್ತಿ ಸ್ಕ್ಯಾನ್ ಮಾಡಿಸಿ.

ಲಕ್ಷಣ: ಏರ್‌ಪೋರ್ಟ್, ರೈಲ್ವೆ ಸ್ಟೇಷನ್, ಕೆಫೆಯಲ್ಲಿ ಲಾಗಿನ್ ಪುಟವೇ ಬರುವುದಿಲ್ಲ

ಕೆಂಪೇಗೌಡ ವಿಮಾನ ನಿಲ್ದಾಣವಿರಲಿ, ಮೆಜೆಸ್ಟಿಕ್‌ನ ರೈಲ್ವೆ ಸ್ಟೇಷನ್ ಇರಲಿ, ಸಾರ್ವಜನಿಕ ವೈಫೈ ಮೊಬೈಲ್ ನಂಬರ್ ಕೇಳಿ ಒಟಿಪಿ ಕಳಿಸಿದ ಮೇಲೆಯೇ ಒಳಗೆ ಬಿಡುವುದು. ಆ ಪುಟ ತಾನಾಗಿ ಏಳದಿದ್ದರೆ ಅಡ್ಡ ನಿಂತಿರುವುದು ಸಾಮಾನ್ಯವಾಗಿ ನಿಮ್ಮದೇ ಡಿಎನ್‌ಎಸ್ ಅಥವಾ ವಿಪಿಎನ್.

ಲಾಗಿನ್ ಪುಟ ಕೆಲಸ ಮಾಡುವ ರೀತಿ ಹೀಗೆ: ನೀವು ಯಾವ ಪುಟ ಕೇಳಿದರೂ ಅಲ್ಲಿಯ ರೂಟರ್ ಮಧ್ಯೆ ಹಿಡಿದು ತನ್ನ ಪುಟ ಕೊಡುತ್ತದೆ. ನೀವು 8.8.8.8 ಎಂದು ಡಿಎನ್‌ಎಸ್ ಕಟ್ಟಿಹಾಕಿದ್ದರೆ, ಅಥವಾ ಕ್ರೋಮ್‌ನ ‘ಸೆಕ್ಯೂರ್ ಡಿಎನ್‌ಎಸ್’ನಲ್ಲಿ ಒಂದು ಕಂಪನಿಯನ್ನೇ ಆರಿಸಿಟ್ಟಿದ್ದರೆ, ಪ್ರಶ್ನೆ ಆ ರೂಟರಿನ ಕೈಗೆ ಸಿಗದೆ ಹೊರಗೆ ಹೋಗಲು ನೋಡುತ್ತದೆ, ಹೊರಗಿನ ದಾರಿ ಇನ್ನೂ ತೆರೆದಿಲ್ಲ. ಹಾಗಾಗಿ ಡಿಎನ್‌ಎಸ್ ಆಟೋಮ್ಯಾಟಿಕ್, ಸೆಕ್ಯೂರ್ ಡಿಎನ್‌ಎಸ್ ಆಫ್, ವಿಪಿಎನ್ ಆಫ್. ಆಮೇಲೆ ಬ್ರೌಸರಿನಲ್ಲಿ ಎಚ್‌ಟಿಟಿಪಿ (ಗೂಢಲಿಪಿಯಿಲ್ಲದ ಹಳೆಯ ಬಗೆ) ಮಾತ್ರ ಇರುವ ಸೈಟು ತೆರೆಯಿರಿ. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಇದಕ್ಕೆಂದೇ ಇದೆ. ಎಚ್‌ಟಿಟಿಪಿಎಸ್ ಸೈಟನ್ನು ಮಧ್ಯೆ ಹಿಡಿಯಲು ಬ್ರೌಸರ್ ಬಿಡುವುದಿಲ್ಲ, ಸರ್ಟಿಫಿಕೇಟ್ ಎಚ್ಚರಿಕೆ ತೋರಿಸುತ್ತದೆ. ಅದೂ ಆಗದಿದ್ದರೆ ಗೇಟ್‌ವೇ ವಿಳಾಸವನ್ನೇ ಬ್ರೌಸರಿನ ಅಡ್ರೆಸ್ ಬಾರ್‌ನಲ್ಲಿ ಟೈಪ್ ಮಾಡಿ.

ಲಾಗಿನ್ ಆದ ಮೇಲೆ ವಿಪಿಎನ್ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒಟಿಪಿ ಕೇಳುತ್ತಿದ್ದರೆ ‘ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಆನ್ ಇದೆಯೇ ನೋಡಿ. ವಿಳಾಸ ಬದಲಾದಾಗಲೆಲ್ಲ ಆ ವೈಫೈ ನಿಮ್ಮನ್ನು ಹೊಸಬರೆಂದೇ ತಿಳಿಯುತ್ತದೆ. ಎಂಎಸಿ ವಿಳಾಸ (ಇದೇ ಹಾರ್ಡ್‌ವೇರ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತು) ನೋಂದಾಯಿಸಿಕೊಂಡು ಒಳಬಿಡುವ ಆಫೀಸುಗಳಲ್ಲಿ ಇದೇ ಸೆಟ್ಟಿಂಗ್‌ನಿಂದ ನೆಟ್ ಪೂರ್ತಿ ನಿಲ್ಲುವುದೂ ಉಂಟು.

ಎಚ್ಚರಿಕೆ: ಲಾಗಿನ್ ಪುಟಕ್ಕೆ ಬೇಕಾದದ್ದು ನಂಬರ್ ಮತ್ತು ಆ ವೈಫೈನ ಒಟಿಪಿ ಮಾತ್ರ. ಜಿಮೇಲ್ ಪಾಸ್‌ವರ್ಡ್, ಕಾರ್ಡ್ ಪಿನ್, ಯಾವುದೋ ‘ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿ’ ಎನ್ನುವ ಪುಟ ಬಂದರೆ ಕಳಚಿಕೊಂಡು ಹೊರಡಿ. ಒಂದೇ ಹೆಸರಿನ ಎರಡು ವೈಫೈ ಕಂಡು, ಒಂದಕ್ಕೆ ಪಾಸ್‌ವರ್ಡ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಕೌಂಟರಿನಲ್ಲಿ ಕೇಳಿ ಜೋಡಿಸಿ.

ಸರ್ಟಿಫಿಕೇಟ್ ಎಚ್ಚರಿಕೆ ಎಲ್ಲ ಸೈಟಿನಲ್ಲೂ, ಮನೆಯಲ್ಲೂ ಬರುತ್ತಿದ್ದರೆ ಗಡಿಯಾರ ನೋಡಿ. ತಾರೀಕು ವರ್ಷಗಳ ಹಿಂದಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್ 2032, ಹಲವು ಲ್ಯಾಪ್‌ಟಾಪ್‌ಗಳಲ್ಲಿ ವೈರು ಸಮೇತ ಬರುತ್ತದೆ. ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಎಸ್‌ಪಿ ರೋಡಿನ ರಿಪೇರಿಯವರ ಕೈಗೆ ಕೊಡಿ.

ಲಕ್ಷಣ: ವಿಪಿಎನ್ ಕನೆಕ್ಟ್ ಆಗುತ್ತದೆ, ಆಫೀಸಿನ ಸರ್ವರ್ ಸಿಗುವುದಿಲ್ಲ

ಪಕ್ಕದ ಮನೆಯಲ್ಲಿರುವ ಸಹೋದ್ಯೋಗಿಗೆ ಸರಿ, ನಿಮಗೆ ಮಾತ್ರ ಇಲ್ಲ. ನಿಮಗೂ ಬೇರೆ ವೈಫೈನಲ್ಲಿ ಸರಿ. ಹೀಗಿದ್ದರೆ ವಿಳಾಸಗಳ ಡಿಕ್ಕಿ ನೋಡಿ. ಮನೆಯ ರೂಟರ್ 192.168.1 ಸಾಲಿನಲ್ಲಿದೆ, ಆಫೀಸಿನ ಸರ್ವರೂ 192.168.1.20. ಆಗ ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತದೆ, ವಿಪಿಎನ್ ಸುರಂಗಕ್ಕೆ ಹಾಕುವುದೇ ಇಲ್ಲ. ಐಫೋನ್ ಹಾಟ್‌ಸ್ಪಾಟ್ 172.20.10 ಸಾಲನ್ನು ಬಳಸುತ್ತದೆ, ಆಫೀಸಿನ ಸರ್ವರೂ ಅದೇ ಸಾಲಿನಲ್ಲಿದ್ದರೆ ಅಲ್ಲೂ ಅದೇ ಕಥೆ. ಡಾಕರ್ ಹಾಕಿಕೊಂಡವರು 172.17ರ ಸಾಲನ್ನೂ ಗಮನಿಸಲಿ.

ಆಫೀಸಿನ ವಿಳಾಸ ಬದಲಿಸಲು ಆಗುವುದಿಲ್ಲ, ಮನೆಯದು ಬದಲಿಸಬಹುದು. ರೂಟರಿನ ಲ್ಯಾನ್ ಸೆಟ್ಟಿಂಗ್‌ನಲ್ಲಿ 192.168.1.1ರ ಬದಲು 192.168.57.1 ಎನ್ನುವಂಥ ಯಾರೂ ಬಳಸದ ಸಂಖ್ಯೆ ಕೊಡಿ. ಸೇವ್ ಮಾಡಿದ ಕ್ಷಣ ರೂಟರಿನ ಪುಟ ಕೈತಪ್ಪುತ್ತದೆ. ಇನ್ನು ಮುಂದೆ ಅದು ಹೊಸ ವಿಳಾಸದಲ್ಲಿ ತೆರೆಯುತ್ತದೆ. ಸ್ಥಿರ ಐಪಿ ಕೊಟ್ಟಿರುವ ಪ್ರಿಂಟರ್, ಸಿಸಿಟಿವಿ ರೆಕಾರ್ಡರ್‌ಗಳಿಗೂ ಹೊಸ ಸಾಲಿನ ವಿಳಾಸ ಕೊಡಬೇಕು, ಇಲ್ಲದಿದ್ದರೆ ಮರುದಿನ ಕ್ಯಾಮೆರಾ ಕಾಣುತ್ತಿಲ್ಲ ಎಂಬ ಹೊಸ ದೂರು ಶುರುವಾಗುತ್ತದೆ.

ಚಾಟ್ ಬರುತ್ತದೆ, ಪಿಂಗ್ ಆಗುತ್ತದೆ, ಆದರೆ ದೊಡ್ಡ ಪುಟ ಅರ್ಧಕ್ಕೆ ನಿಲ್ಲುತ್ತದೆ, ರಿಮೋಟ್ ಡೆಸ್ಕ್‌ಟಾಪ್ ಕಪ್ಪು ಪರದೆಯಲ್ಲೇ ಉಳಿಯುತ್ತದೆ ಎಂದರೆ ಅದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ (ಡೇಟಾದ ಒಂದು ತುಂಡಿನ) ಗರಿಷ್ಠ ಗಾತ್ರ. ಸಾಮಾನ್ಯ ಲೈನಿನಲ್ಲಿ ಪ್ಯಾಕೆಟ್ 1500 ಬೈಟ್. ಪಿಪಿಪಿಒಇ ಲಾಗಿನ್ (ರೂಟರಿನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕುವ ಬಗೆ) ಇರುವ ಬ್ರಾಡ್‌ಬ್ಯಾಂಡ್‌ನಲ್ಲಿ 1492. ಅದರೊಳಗೆ ವಿಪಿಎನ್ ತನ್ನ ಹೊದಿಕೆಯನ್ನೂ ತುರುಕಬೇಕು. ವಿಪಿಎನ್ ಆಫ್ ಮಾಡಿ ಪಿಂಗ್, ಮೈನಸ್ ಎಫ್, ಮೈನಸ್ ಎಲ್ 1472, ಕೊನೆಗೆ 8.8.8.8 ಎಂದು ಕೊಡಿ. 1472ಕ್ಕೆ ಹೆಡರಿನ 28 ಸೇರಿ 1500. ‘ಫ್ರ್ಯಾಗ್‌ಮೆಂಟ್ ಮಾಡಬೇಕು’ ಎಂಬ ಉತ್ತರ ಬಂದು 1464ಕ್ಕೆ ಸರಿಯಾದರೆ ಲೈನು 1492ರದ್ದು. ವಿಪಿಎನ್ ಅಡಾಪ್ಟರಿನ ಎಂಟಿಯು 1400 ಅಥವಾ 1300ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಐಟಿಯವರಿಂದಲೇ ಮಾಡಿಸಿ, ಪಿಂಗ್‌ನಲ್ಲಿ ನಿಂತ ಸಂಖ್ಯೆ, ಸರಿಯಾದ ಸಂಖ್ಯೆ ಎರಡನ್ನೂ ಅವರಿಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಲಕ್ಷಣ: ಕೇಬಲ್ ಅಥವಾ ಡಾಕ್ ಹಾಕಿದ ಕೂಡಲೇ ನೆಟ್ ಹೋಗುತ್ತದೆ

ಪೀಣ್ಯದ ಕಾರ್ಖಾನೆಗಳಿಗೆ ಹೋಗಿ ಬರುವ ಎಂಜಿನಿಯರುಗಳ ಲ್ಯಾಪ್‌ಟಾಪ್‌ನಲ್ಲಿ ಇದು ಮಾಮೂಲು. ಪಿಎಲ್‌ಸಿ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಜೊತೆ ಮಾತಾಡಲು ಲ್ಯಾನ್ ಪೋರ್ಟಿಗೆ 192.168.0.100 ಎನ್ನುವಂಥ ವಿಳಾಸ ಕೊಡುತ್ತಾರೆ. ಫಾರಂನಲ್ಲಿ ಖಾಲಿ ಇದೆಯಲ್ಲ ಎಂದು ಗೇಟ್‌ವೇ, ಡಿಎನ್‌ಎಸ್ ಕೂಡ ತುಂಬುತ್ತಾರೆ. ತುಂಬಿದ್ದೇ ತಪ್ಪು. ವಿಂಡೋಸ್ ಸಾಮಾನ್ಯವಾಗಿ ವೈಫೈಗಿಂತ ವೇಗದ ಕೇಬಲನ್ನೇ ಮೊದಲ ದಾರಿ ಮಾಡಿಕೊಳ್ಳುತ್ತದೆ. ಗೇಟ್‌ವೇ ಇದೆ ಎಂದ ಮೇಲೆ ಇಂಟರ್ನೆಟ್ಟಿನ ಪ್ಯಾಕೆಟ್‌ಗಳೆಲ್ಲ ಯಂತ್ರದ ಕಡೆಗೆ ಹೋಗಿ ಸಾಯುತ್ತವೆ. ಯಂತ್ರಕ್ಕೆ ಬೇಕಾದದ್ದು ಐಪಿ ಮತ್ತು ಸಬ್‌ನೆಟ್ ಮಾಸ್ಕ್ (255.255.255.0) ಎರಡೇ. ಗೇಟ್‌ವೇ, ಡಿಎನ್‌ಎಸ್ ಖಾಲಿ ಬಿಡಿ. ಕೇಬಲಿನಲ್ಲಿ ಯಂತ್ರ, ವೈಫೈನಲ್ಲಿ ನೆಟ್ ಎರಡೂ ಒಟ್ಟಿಗೆ ನಡೆಯುತ್ತವೆ. ಒಂದೇ ಎಚ್ಚರ: ವೈಫೈ ಕೂಡ 192.168.0 ಸಾಲಿನಲ್ಲಿ ಇರಬಾರದು. ಚಲಿಸುವ ಯಂತ್ರಕ್ಕೆ ಜೋಡಿಸಿದ ಲ್ಯಾಪ್‌ಟಾಪ್‌ನ ಐಪಿಯನ್ನು ಯಂತ್ರ ಓಡುತ್ತಿರುವಾಗ ಬದಲಿಸಬೇಡಿ, ವಿಳಾಸ ಊಹಿಸಿ ಹಾಕಬೇಡಿ; ಇನ್ನೊಂದು ಪಿಎಲ್‌ಸಿಯ ವಿಳಾಸವೇ ಅದಾಗಿದ್ದರೆ ಕಾರ್ಖಾನೆಯ ಉತ್ಪಾದನಾ ಲೈನೇ ನಿಲ್ಲಬಹುದು.

ಇಂಥ ಕೆಲಸಕ್ಕೆ ಎಸ್‌ಪಿ ರೋಡಿನಲ್ಲಿ ಒಂದು ಬೇರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಕೊಂಡು ಅದಕ್ಕೆ ಮಾತ್ರ ಸ್ಥಿರ ಐಪಿ ಕೊಟ್ಟಿಟ್ಟುಕೊಳ್ಳುವುದು ಒಳ್ಳೆಯದು. ಲ್ಯಾಪ್‌ಟಾಪ್‌ನ ಸ್ವಂತ ಪೋರ್ಟ್ ಸದಾ ಆಟೋಮ್ಯಾಟಿಕ್‌ನಲ್ಲಿ ಇರುತ್ತದೆ, ಬದಲಿಸುವ ಗೋಜೇ ಇಲ್ಲ.

ಆಫೀಸಿನಲ್ಲಿ ನಿಮ್ಮ ಡೆಸ್ಕಿನ ಡಾಕ್‌ನಲ್ಲಿ (ಲ್ಯಾನ್, ಮಾನಿಟರ್ ಎಲ್ಲವನ್ನೂ ಒಂದೇ ತಂತಿಯಲ್ಲಿ ಜೋಡಿಸುವ ಪೆಟ್ಟಿಗೆ) ಬಂದು ಬೇರೆ ಡೆಸ್ಕಿನಲ್ಲಿ ಬಾರದಿದ್ದರೆ, ಡಾಕ್‌ಗೆ ಅದರದೇ ಎಂಎಸಿ ವಿಳಾಸ ಇರುತ್ತದೆ ಎನ್ನುವುದು ನೆನಪಿರಲಿ. ಆಫೀಸಿನ ಲ್ಯಾನ್ ಕೇಬಲ್‌ಗಳೆಲ್ಲ ಸೇರುವ ಸ್ವಿಚ್ ಅದನ್ನು ಗುರುತಿಸದೆ ತಡೆದಿರಬಹುದು. ಅದು ಐಟಿಯ ಕೆಲಸ. ಕೇಬಲ್ ವೇಗ 1000 ಎಂಬಿಪಿಎಸ್ ಬದಲು 100 ಎಂದು ತೋರಿಸಿದರೆ ಕೇಬಲಿನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಕಡಿದಿದೆ ಎಂದೇ ಮೊದಲು ಅನುಮಾನಿಸಿ, ಬೇರೆ ಕೇಬಲ್ ಹಾಕಿ ನೋಡಿ.

ಲಕ್ಷಣ: ನೆಟ್ ಇದೆ, ಮನೆಯ ಪ್ರಿಂಟರ್ ಕಾಣುವುದಿಲ್ಲ

ವೈಫೈ ಪ್ರಾಪರ್ಟೀಸ್‌ನಲ್ಲಿ ‘ಪಬ್ಲಿಕ್’ ಎಂದಿರುತ್ತದೆ. ಮನೆಯಲ್ಲಿ ‘ಪ್ರೈವೇಟ್’ ಮಾಡಿ. ಕೆಫೆಯಲ್ಲಿ, ಪಿಜಿಯಲ್ಲಿ ಪಬ್ಲಿಕ್ ಆಗಿಯೇ ಇರಲಿ. ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೂ ಪ್ರಿಂಟರ್ ಮುಖ್ಯ ವೈಫೈಗೂ ಜೋಡಿಸಿದ್ದರೆ ಒಂದಕ್ಕೊಂದು ಕಾಣುವುದಿಲ್ಲ. ವಿಪಿಎನ್ ಆನ್ ಇದ್ದಾಗಲೂ ಅಷ್ಟೆ. ಫೈರ್‌ವಾಲ್ ಆಫ್ ಮಾಡಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಬದಲಿಸುವ ಕೆಲಸವೇ ಕಡಿಮೆಯಾಗುವಂತೆ

ಸ್ಥಿರ ವಿಳಾಸ ಬೇಕೇಬೇಕಾದರೆ ಅದನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕದೆ ರೂಟರಿನಲ್ಲಿ ಹಾಕಿ. ‘ಡಿಎಚ್‌ಸಿಪಿ ರಿಸರ್ವೇಷನ್’ ಅಥವಾ ‘ಅಡ್ರೆಸ್ ರಿಸರ್ವೇಷನ್’ ಎಂಬಲ್ಲಿ ಲ್ಯಾಪ್‌ಟಾಪ್‌ನ ಎಂಎಸಿಗೆ ಒಂದು ಐಪಿ ಕಟ್ಟಿಬಿಟ್ಟರೆ ಮನೆಯಲ್ಲಿ ಸದಾ ಅದೇ ವಿಳಾಸ, ಹೊರಗೆ ಹೋದಾಗ ಅಲ್ಲಿಯದು. ಆ ವೈಫೈಗೆ ರ್‍ಯಾಂಡಮ್ ಅಡ್ರೆಸ್ ಆಫ್ ಇರಬೇಕು.

ಮ್ಯಾಕ್‌ನಲ್ಲಿ ‘ಲೊಕೇಷನ್ಸ್’ ಇದೆ: ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಕೆಳಗಿನ ಮೂರು ಚುಕ್ಕಿಯ ಮೆನುವಿನಲ್ಲಿ ಮನೆ, ಆಫೀಸು ಎಂದು ಬೇರೆ ಬೇರೆ ಮಾಡಿಟ್ಟರೆ ಐಪಿ, ಡಿಎನ್‌ಎಸ್, ಪ್ರಾಕ್ಸಿ ಎಲ್ಲ ಒಟ್ಟಿಗೆ ಬದಲಾಗುತ್ತವೆ. ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್ ಪ್ರತಿ ವೈಫೈಗೂ ಪ್ರತ್ಯೇಕ ಪ್ರೊಫೈಲ್ ಇಟ್ಟುಕೊಳ್ಳುತ್ತದೆ. ವಿಂಡೋಸ್‌ನ ಕೇಬಲ್ ಪೋರ್ಟಿಗೆ ‘ಆಲ್ಟರ್‌ನೇಟ್ ಕಾನ್ಫಿಗರೇಷನ್’ ಎಂಬ ಹಳೆಯ ಟ್ಯಾಬ್ ಇದೆ, ಐಪಿವಿ4 ಪ್ರಾಪರ್ಟೀಸ್‌ನಲ್ಲಿ ಆಟೋಮ್ಯಾಟಿಕ್ ಆರಿಸಿದಾಗ ಮಾತ್ರ ಕಾಣುತ್ತದೆ. ಡಿಎಚ್‌ಸಿಪಿ ಸಿಕ್ಕರೆ ಅದು, ಸಿಗದಿದ್ದರೆ ಅಲ್ಲಿ ಬರೆದ ಸ್ಥಿರ ವಿಳಾಸ. ಆಫೀಸಿಗೂ ಯಂತ್ರಕ್ಕೂ ಒಂದೇ ಪೋರ್ಟ್ ಬಳಸುವವರಿಗೆ ಹೇಳಿಮಾಡಿಸಿದಂತಿದೆ, ಆದರೂ ಬಳಸುವವರು ಕಡಿಮೆ.

ಎಲ್ಲಿ ನಿಲ್ಲಬೇಕು, ಯಾರನ್ನು ಕರೆಯಬೇಕು

‘ನೆಟ್‌ವರ್ಕ್ ರೀಸೆಟ್’ ಬಟನ್ ಕೊನೆಯ ಅಸ್ತ್ರ. ಅದು ಎಲ್ಲ ಅಡಾಪ್ಟರುಗಳನ್ನೂ ಕಿತ್ತು ಮತ್ತೆ ಹಾಕುತ್ತದೆ. ವಿಪಿಎನ್ ಸಾಫ್ಟ್‌ವೇರ್, ವರ್ಚುವಲ್ ಸ್ವಿಚ್‌ಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು. ವೈಫೈ ಪಾಸ್‌ವರ್ಡುಗಳನ್ನು ಬರೆದಿಟ್ಟುಕೊಂಡೇ ಒತ್ತಿ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಒತ್ತಲೇಬೇಡಿ: ಮನೆಯಲ್ಲಿ ಕೂತು ವಿಪಿಎನ್ ಕಳೆದುಕೊಂಡರೆ ಐಟಿಯವರು ದೂರದಿಂದ ಸರಿಮಾಡಲೂ ಆಗುವುದಿಲ್ಲ.

ಮನೆಯ ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ಬ್ರಾಡ್‌ಬ್ಯಾಂಡಿನವರಿಗೆ ಫೋನ್ ಮಾಡಿ. ಹಳದಿ ಫೈಬರ್ ತಂತಿಯನ್ನು ಬಿಚ್ಚಿ ತುದಿಯಲ್ಲಿ ಬೆಳಕಿದೆಯೇ ಎಂದು ಕಣ್ಣಿಟ್ಟು ನೋಡಬೇಡಿ, ಆ ಲೇಸರ್ ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲದು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯ ಹೊತ್ತಿನಲ್ಲಿ ಲ್ಯಾನ್ ಕೇಬಲ್, ಚಾರ್ಜರ್ ಎರಡನ್ನೂ ಕಳಚಿ. ಮಹಡಿಯ ಮೇಲಿಂದ ತಾಮ್ರದ ಕೇಬಲ್ ಇಳಿದಿರುವ ಮನೆಗಳಲ್ಲಿ ಸಿಡಿಲಿಗೆ ಮೊದಲು ಸುಡುವುದು ಲ್ಯಾನ್ ಪೋರ್ಟ್. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ ಅದು ಬ್ಯಾಟರಿ. ನೆಟ್ ವಿಚಾರ ಬಿಟ್ಟು, ಚಾರ್ಜಿಂಗ್ ನಿಲ್ಲಿಸಿ, ಒತ್ತದೆ ಚುಚ್ಚದೆ ಸರ್ವೀಸ್ ಸೆಂಟರಿಗೆ ಒಯ್ಯಿರಿ.

ಐಟಿಗೆ ಟಿಕೆಟ್ ಹಾಕುವಾಗ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಮೊದಲ ಉತ್ತರ ‘ರೀಸ್ಟಾರ್ಟ್ ಮಾಡಿದಿರಾ’ ಎಂದೇ ಬರುತ್ತದೆ. ಯಾವ ಜಾಗ, ಯಾವ ವೈಫೈ ಹೆಸರು, ಹಾಟ್‌ಸ್ಪಾಟ್‌ನಲ್ಲಿ ಬರುತ್ತದೋ ಇಲ್ಲವೋ, ಮೂರು ಪಿಂಗ್‌ಗಳಲ್ಲಿ ಯಾವುದು ನಿಂತಿತು, ಐಪಿಕಾನ್ಫಿಗ್ ಸ್ಲ್ಯಾಶ್ ಆಲ್‌ನ ಪೂರ್ತಿ ಉತ್ತರ ಇವನ್ನು ಸೇರಿಸಿ. ಆ ಉತ್ತರವನ್ನು ಸಾರ್ವಜನಿಕ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಕಂಪನಿಯ ಒಳಗಿನ ಸರ್ವರ್ ವಿಳಾಸಗಳು, ಡೊಮೇನ್ ಹೆಸರು ಎಲ್ಲ ಅದರಲ್ಲಿರುತ್ತವೆ.